'ಉಪಭಾಷೆ' ಎಂಬ ಅಂಕಣ: ನೀಲಗಿರಿಯ ಪದಸಂಗ್ರಹದಲ್ಲಿ ಕೀಲಿಪದಗಳ ಗೊಂದಲ ಮತ್ತು ಮರುನಾಮಕರಣ

1. ಪ್ರವೇಶ

ಪದಗಳನ್ನು ಹೇಗೆ ಸಂಗ್ರಹಿಸಬೇಕು, ಮಾತುಗಾರರನ್ನು ಹೇಗೆ ಆರಿಸಬೇಕು, ಕೇಳಿದ ಧ್ವನಿಯನ್ನು ಹೇಗೆ ಗುರುತಿಸಬೇಕು ಎಂಬ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಸಂಗ್ರಹಿಸಿದ ಪದವನ್ನು ಯಾವ ತಲೆಬರಹದ ಕೆಳಗೆ ಇಡಬೇಕು ಎಂಬ ಬಗ್ಗೆ ಅಷ್ಟು ಚರ್ಚೆ ನಡೆದಿಲ್ಲ. ಅದು ಗುಮಾಸ್ತರ ಕೆಲಸ, ವಿದ್ವಾಂಸರ ಕೆಲಸವಲ್ಲ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ನನಗೂ ಅದೇ ಭಾವನೆ ಇತ್ತು. ಅದು ತಪ್ಪೆಂದು ಗೊತ್ತಾಗಲು ನೀಲಗಿರಿಯ ಒಂದು ಹಟ್ಟಿಯಲ್ಲಿ ಒಬ್ಬ ಅಜ್ಜನಿಂದ ಒಂದು ಪ್ರಶ್ನೆ ಕೇಳಿಸಿಕೊಳ್ಳಬೇಕಾಯಿತು.

ನಾನು ಹುಟ್ಟಿದ್ದು ಗುಂಡ್ಲುಪೇಟೆ ಕಡೆ. ಕೆಲಸದ ಮೇಲೆ ಉದಕಮಂಡಲಕ್ಕೆ ಬಂದು ನೆಲೆಸಿದವನು. ಬಡಗ ಸಮುದಾಯದ ಕೆಲವು ಯುವಕರೂ ಗೂಡಲೂರು, ಮಸಿನಗುಡಿ ಕಡೆಯ ಇಬ್ಬರು ಗೆಳೆಯರೂ ನಾನೂ ಸೇರಿ, ಈ ಜಿಲ್ಲೆಯಲ್ಲಿ ಕನ್ನಡಕ್ಕೆ ಹತ್ತಿರದ ನುಡಿಗಳ ಪದಗಳನ್ನು ಗಣಕಯಂತ್ರದಲ್ಲಿ ಕೂಡಿಸಿಡುವ ಕೆಲಸ ಕೈಗೊಂಡೆವು. ಇದಕ್ಕೆ ಬೇಕಾದ ಚೌಕಟ್ಟನ್ನು, ಅಂದರೆ ಪ್ರತಿ ಪದಕ್ಕೂ ಯಾವ ಯಾವ ಅಂಕಣ ಇರಬೇಕು, ಪ್ರತಿ ಅಂಕಣಕ್ಕೂ ಏನು ಹೆಸರು ಎಂಬುದನ್ನು ಹಾಕಿಕೊಟ್ಟವನು ನಾನೇ. ಈ ಅಂಕಣದ ಹೆಸರುಗಳನ್ನೇ ಇಲ್ಲಿ ಕೀಲಿಪದ ಎಂದು ಕರೆಯುತ್ತೇನೆ. ಕೀಲಿ ತಪ್ಪಿದರೆ ಬೀಗ ತೆಗೆಯುವುದಿಲ್ಲ. ಕೆಲವು ಸಲ ಬೇರೆಯವರ ಮನೆ ಬೀಗ ತೆಗೆದುಬಿಡುತ್ತದೆ. ನಮ್ಮಲ್ಲಿ ಎರಡೂ ಆದವು.

ಈ ಪ್ರಬಂಧದಲ್ಲಿ ನಮ್ಮ ಚೌಕಟ್ಟಿನ ದೋಷಗಳನ್ನೂ, ನಾವು ಮಾದರಿಯಾಗಿ ಇಟ್ಟುಕೊಂಡ ಕೆಲವು ಪ್ರಸಿದ್ಧ ಚೌಕಟ್ಟುಗಳ ದೋಷಗಳನ್ನೂ ವಿಮರ್ಶಿಸಿ, ಹೆಸರು ಬದಲಿಸುವಾಗ ಅನುಸರಿಸಬೇಕಾದ ಕೆಲವು ನಿಯಮಗಳನ್ನು ಚರ್ಚೆಗೆ ಇಡುತ್ತೇನೆ.

2. ಅಜ್ಜನ ಪ್ರಶ್ನೆ

ಮೊದಲ ಸುತ್ತಿನ ಪದಗಳನ್ನು ಅಚ್ಚು ಹಾಕಿಸಿ, ಪದ ಕೊಟ್ಟವರಿಗೇ ತೋರಿಸಿ ತಿದ್ದಿಸೋಣ ಅಂತ ಕೋತಗಿರಿ ಕಡೆಯ ಒಂದು ಹಟ್ಟಿಗೆ ಹೋದೆವು. ಅಲ್ಲಿಯ ಹಿರಿಯರೊಬ್ಬರು ಎರಡು ದಿನ ಕೂತು ನಮಗೆ ಬೇಸಾಯದ ಪದಗಳನ್ನು ಹೇಳಿಕೊಟ್ಟಿದ್ದರು. ಅವರಿಗೆ ಕನ್ನಡ ಲಿಪಿ ಬಾರದು. ಜೊತೆಗಿದ್ದ ಹುಡುಗ ಹಾಳೆಯನ್ನು ಓದಿ ಹೇಳುತ್ತಿದ್ದ. ಹಾಳೆಯ ನೆತ್ತಿಯಲ್ಲಿ ಹೀಗಿತ್ತು: ಭಾಷೆ - ಕನ್ನಡ, ಉಪಭಾಷೆ - ಬಡಗ, ಅದರ ಕೆಳಗೆ, ರೂಪಾಂತರ.

ಅಜ್ಜ ಕೈ ಎತ್ತಿ ನಿಲ್ಲಿಸಿದರು. ಅವರು ಬಡಗದಲ್ಲಿ ಕೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ: "ನನ್ನ ಮಾತು ಯಾವುದಕ್ಕೆ ಉಪ, ಮೇಷ್ಟ್ರೇ?"

ನಾನು ಶಾಸ್ತ್ರ ಹೇಳಲು ಹೊರಟೆ. ಬಡಗರು ಮೈಸೂರು ಸೀಮೆಯಿಂದ ಬಂದವರು, ಬಡಗು ಅಂದರೆ ಉತ್ತರ, ಆದ್ದರಿಂದ ಬಡಗ ಎಂದರೆ ಬಡಗಲಿನವನು, ಆದ್ದರಿಂದ ಈ ನುಡಿಯ ಮೂಲ ಕನ್ನಡ ಅಂತ. ಅಜ್ಜ ಅಡ್ಡ ಹೇಳಲಿಲ್ಲ. "ಅದು ಸರಿ, ಬಂದದ್ದು ಹೌದು. ಬಂದವರ ಮಾತು ನಮ್ಮದು. ಅಲ್ಲೇ ಉಳಿದವರ ಮಾತು ನಿಮ್ಮದು. ಹಂಗಂದ್ರೆ ನಾವು ಹೆಂಗೆ ಕೆಳಗಾದೋ?" ಅಂದರು. ಅವತ್ತು ಅವರು ಒಂದು ಪದವನ್ನೂ ತಿದ್ದಲಿಲ್ಲ. ಹಾಳೆಯನ್ನು ಮಡಿಸಿ ಹುಡುಗನ ಕೈಗೆ ಕೊಟ್ಟು ಎದ್ದರು.

ವಾಪಸ್ಸು ಬರುವಾಗ ನನ್ನ ಗೆಳೆಯರು ಯಾರೂ ಮಾತಾಡಲಿಲ್ಲ. ಅವರಿಗೂ ಅದೇ ಅನ್ನಿಸಿತ್ತು, ನನಗೆ ಹೇಳಲು ಸಂಕೋಚ ಪಟ್ಟಿದ್ದರು ಅಷ್ಟೆ. ಅಜ್ಜನ ಆಕ್ಷೇಪ ಕೇವಲ ಅಭಿಮಾನದ್ದು ಎಂದು ನಾನು ಕೆಲವು ದಿನ ಸಮಾಧಾನ ಮಾಡಿಕೊಂಡೆ. ಆಮೇಲೆ ಚೌಕಟ್ಟನ್ನು ತೆಗೆದು ನೋಡಿದಾಗ, ಅದು ತರ್ಕದ ಆಕ್ಷೇಪವೂ ಹೌದು ಎಂದು ಕಂಡಿತು.

3. ಒಂದೇ ಹೆಸರು, ಎರಡು ಅಂತಸ್ತು

ನಾನು 'ಭಾಷೆ - ಕನ್ನಡ, ಉಪಭಾಷೆ - ಬಡಗ' ಎಂದು ಬರೆದದ್ದು ನನ್ನ ಬುದ್ಧಿಯಿಂದ ಅಲ್ಲ, ರೂಢಿಯಿಂದ. ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆಯ 1906ರ ದ್ರಾವಿಡ ಸಂಪುಟವೂ ಬಡಗವನ್ನು ಕನ್ನಡದ ಕೆಳಗೇ ಇಟ್ಟಿತ್ತು. ನಮ್ಮ ಜನಗಣತಿಯೂ ಇಂದಿಗೂ ಹಾಗೆಯೇ ಇಡುತ್ತದೆ.

ಜನಗಣತಿಯ ಚೌಕಟ್ಟನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ಅಲ್ಲಿ ಎರಡು ಅಂತಸ್ತುಗಳಿವೆ. ಮೇಲಿನದು 'ಭಾಷೆ', ಕೆಳಗಿನದು 'ಮಾತೃಭಾಷೆ'. 2011ರ ಗಣತಿಯಲ್ಲಿ ಕನ್ನಡ ಎಂಬ ಭಾಷೆಯ ಸಂಖ್ಯೆ 4,37,06,512. ಅದರ ಕೆಳಗೆ ಮಾತೃಭಾಷೆಗಳ ಪಟ್ಟಿ ಬರುತ್ತದೆ: ಬಡಗ 1,33,550, ಕನ್ನಡ 4,35,06,272, ಕುರುಬ/ಕುರುಂಬ 24,189, ಹೀಗೆ. ಅಂದರೆ 'ಕನ್ನಡ' ಎಂಬ ಒಂದೇ ಕೀಲಿಪದ ಎರಡು ಅಂತಸ್ತಿನಲ್ಲಿ ಎರಡು ಅರ್ಥದಲ್ಲಿ ಕೂತಿದೆ. ಮೇಲೆ ಕೂತ ಕನ್ನಡಕ್ಕೆ 'ಈ ಗುಂಪು' ಎಂದು ಅರ್ಥ. ಕೆಳಗೆ ಕೂತ ಕನ್ನಡಕ್ಕೆ 'ಗುಂಪಿನಲ್ಲಿ ಒಂದು' ಎಂದು ಅರ್ಥ. ಕೆಳಗಿನ ಅಂತಸ್ತಿನಲ್ಲಿ ಬಡಗವೂ ಕನ್ನಡವೂ ಪಕ್ಕಪಕ್ಕದ ಸಾಲುಗಳು, ಅಣ್ಣತಮ್ಮಂದಿರು ಎನ್ನೋಣ. ಗುಂಪಿಗೆ ಮಾತ್ರ ಒಬ್ಬ ತಮ್ಮನ ಹೆಸರನ್ನೇ ಇಟ್ಟಿದೆ. ಗೊಂದಲ ಹುಟ್ಟುವುದು ಇಲ್ಲಿಯೇ.

'ಬಡಗ ಮಾತಾಡುವವರು ಕನ್ನಡಿಗರೇ?' ಎಂಬ ಪ್ರಶ್ನೆಗೆ ಈ ಪಟ್ಟಿಯ ಪ್ರಕಾರ ಹೌದು ಎಂದೂ ಹೇಳಬಹುದು, ಅಲ್ಲ ಎಂದೂ ಹೇಳಬಹುದು. ಎರಡೂ ಉತ್ತರ ಸರಿ. ಒಂದು ಕೀಲಿಪದ ಒಂದೇ ಪ್ರಶ್ನೆಗೆ ಎರಡು ವಿರುದ್ಧ ಉತ್ತರಗಳಿಗೆ ಎಡೆ ಕೊಡುತ್ತದೆ ಎಂದರೆ ದೋಷ ನುಡಿಯಲ್ಲಿಲ್ಲ, ಹೆಸರಿನಲ್ಲಿದೆ. ಮೇಲಿನ ಅಂತಸ್ತಿಗೆ 'ಕನ್ನಡ ಗುಂಪು' ಎಂದಷ್ಟೇ ಬರೆದಿದ್ದರೂ ಅರ್ಧ ಜಗಳ ತಪ್ಪುತ್ತಿತ್ತು.

ಇಲ್ಲಿ ಕನ್ನಡಾಭಿಮಾನಿ ಗೆಳೆಯರು ಒಂದು ಮಾತು ಹೇಳುತ್ತಾರೆ. ಬಡಗವನ್ನು ಬೇರೆ ಎಂದರೆ ಕನ್ನಡದ ಬಲ ಕಡಿಮೆಯಾಗುವುದಿಲ್ಲವೇ, ಗಡಿನಾಡಿನಲ್ಲಿ ಕನ್ನಡ ಮೊದಲೇ ಬಡವಾಗಿದೆಯಲ್ಲ ಅಂತ. ಲೆಕ್ಕ ಹಾಕಿ ನೋಡಿದರೆ ಬಡಗದ ಸಂಖ್ಯೆ ಕನ್ನಡ ಗುಂಪಿನಲ್ಲಿ ಸಾವಿರಕ್ಕೆ ಮೂರರಷ್ಟು. ಕನ್ನಡಕ್ಕೆ ಅದು ಇದ್ದರೂ ಹೋದರೂ ದೊಡ್ಡ ವ್ಯತ್ಯಾಸವಿಲ್ಲ. ಬಡಗಕ್ಕೆ ಮಾತ್ರ ಅದೇ ಸರ್ವಸ್ವ. 2001ರಲ್ಲಿ 1,34,514 ಇದ್ದದ್ದು ಹತ್ತು ವರ್ಷದಲ್ಲಿ ಹೆಚ್ಚುವುದರ ಬದಲು ಸುಮಾರು ಸಾವಿರ ಇಳಿದಿದೆ. ಕನ್ನಡ ಗುಂಪಿನ ದೊಡ್ಡ ಮೊತ್ತವನ್ನು ಮಾತ್ರ ನೋಡುವವರಿಗೆ ಈ ಇಳಿತ ಕಾಣುವುದೇ ಇಲ್ಲ. ಸಣ್ಣ ನುಡಿಯ ಕ್ಷಯವನ್ನು ದೊಡ್ಡ ನುಡಿಯ ಬೆಳವಣಿಗೆ ಮರೆಮಾಡುತ್ತದೆ. ಇದು ಅಭಿಮಾನದ ಪ್ರಶ್ನೆಯಲ್ಲ, ಕಾಣುವ ಕಾಣದಿರುವ ಪ್ರಶ್ನೆ.

4. 'ರೂಪಾಂತರ' ಯಾವುದರ ರೂಪಾಂತರ?

'ಉಪಭಾಷೆ'ಯ ಜೊತೆಜೊತೆಗೇ ಬಂದ ಕೀಲಿಪದ 'ರೂಪಾಂತರ'. ಇದು ಹೆಚ್ಚು ಹಾನಿ ಮಾಡಿತು ಎಂದು ನನಗೆ ಈಗ ಅನ್ನಿಸುತ್ತದೆ. ಬಡಗದ ಪದವನ್ನು ಕನ್ನಡ ಪದದ ರೂಪಾಂತರ ಎಂದು ನಮೂದಿಸಿದ ಕೂಡಲೇ, ಅರ್ಥದ ಅಂಕಣವನ್ನು ತುಂಬುವವರು ಮೇಲಿನ ಕನ್ನಡ ಪದದ ಅರ್ಥವನ್ನೇ ಕೆಳಗೂ ಇಳಿಸಿಬಿಡುತ್ತಿದ್ದರು.

'ಹಟ್ಟಿ'ಯನ್ನೇ ತೆಗೆದುಕೊಳ್ಳಿ. ಬಡಗದಲ್ಲಿ ಹಟ್ಟಿ ಎಂದರೆ ಊರು. ಸಾಲುಮನೆಗಳು, ಗುಡಿ, ಸುತ್ತಲ ಹೊಲ ಸೇರಿದ ಊರು. ನನ್ನ ಕಡೆ, ಗುಂಡ್ಲುಪೇಟೆ ಚಾಮರಾಜನಗರದ ಆಡುಮಾತಿನಲ್ಲಿ ಹಟ್ಟಿ ಎಂದರೆ ಮನೆ. 'ಹಟ್ಟಿಗೋಯ್ತೀನಿ' ಅಂದರೆ ಮನೆಗೆ ಹೋಗುತ್ತೇನೆ ಅಂತ. ಕನ್ನಡದ ಬೇರೆ ಕಡೆಗಳಲ್ಲಿ ಅದು ದನದ ಕೊಟ್ಟಿಗೆ, ಇಲ್ಲವೇ ಗೊಲ್ಲರಹಟ್ಟಿಯಂತೆ ಒಂದು ಸಮುದಾಯದ ವಸತಿ. ನಾಲ್ಕು ಅರ್ಥಗಳೂ ಬಂಧುಗಳೇ. ಆದರೆ ನಮ್ಮ ಪಟ್ಟಿಯಲ್ಲಿ ಬಡಗದ ಹಟ್ಟಿ 'ದನದ ಕೊಟ್ಟಿಗೆ' ಎಂದು ಅಚ್ಚಾಗಿತ್ತು! ನಿಘಂಟಿನ ಮೊದಲ ಅರ್ಥವನ್ನು ರೂಪಾಂತರಕ್ಕೆ ಇಳಿಸಿದ ಫಲ. ತಮ್ಮ ಊರನ್ನು ದನದ ಕೊಟ್ಟಿಗೆ ಎಂದು ಬರೆದ ಹಾಳೆಯನ್ನು ಅಜ್ಜ ಪೂರ್ತಿ ಓದಿಸಿಕೊಳ್ಳದೆ ಎದ್ದದ್ದೇ ಒಳ್ಳೆಯದಾಯಿತು.

ಧ್ವನಿಯ ವಿಷಯದಲ್ಲಿ ನಷ್ಟ ಇನ್ನೂ ಸೂಕ್ಷ್ಮವಾದದ್ದು. ಎಮಿನೋ ಅವರು 1939ರಲ್ಲಿ ಬಡಗದ ಸ್ವರಗಳ ಮೇಲೆ ಬರೆದ ಲೇಖನದಿಂದ ಈ ನುಡಿ ಜಗತ್ತಿನ ಧ್ವನಿಶಾಸ್ತ್ರಜ್ಞರ ಕಣ್ಣಿಗೆ ಬಿತ್ತು. ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಹೇಳುವ ಮೂರ್ಧನ್ಯ ಸ್ವರಗಳು, ಅದರಲ್ಲೂ ಅರ್ಧ ಮಡಿಸಿದ್ದು, ಪೂರ್ತಿ ಮಡಿಸಿದ್ದು ಎಂಬ ಎರಡು ಹಂತಗಳು ಇಲ್ಲಿವೆ ಎಂದು ಅವರು ತೋರಿಸಿದರು. 'ಬಾಯಿ' ಎಂಬುದಕ್ಕೆ ಬಡಗದಲ್ಲಿ 'ಬೆ'. ನಾಲಿಗೆಯನ್ನು ಅರ್ಧ ಮಡಿಸಿ ಅದನ್ನೇ ಹೇಳಿದರೆ 'ಬಳೆ'. ಪೂರ್ತಿ ಮಡಿಸಿ ಹೇಳಿದರೆ 'ಬೆಳೆ'. ಕನ್ನಡದಲ್ಲಿ ಳಕಾರ ಮಾಡುವ ಕೆಲಸವನ್ನು ಇಲ್ಲಿ ಸ್ವರವೇ ಹೊತ್ತುಕೊಂಡಿದೆ. ಈ ವ್ಯತ್ಯಾಸ ಈಗ ಎಲ್ಲರ ಬಾಯಲ್ಲೂ ಇಲ್ಲ, ಇರುವವರಲ್ಲೂ ಕೆಲವೇ ಪದಗಳಲ್ಲಿದೆ. ಅದಕ್ಕೇ ಅದನ್ನು ಹಿಡಿದಿಡುವ ಅವಸರ.

ನಮ್ಮ ಚೌಕಟ್ಟಿನಲ್ಲಿ 'ಬರಹ' ಎಂದೊಂದು, 'ಉಚ್ಚಾರ' ಎಂದೊಂದು ಅಂಕಣವಿತ್ತು. ಬರಹದಲ್ಲಿ ಕನ್ನಡ ಲಿಪಿ, ಉಚ್ಚಾರದಲ್ಲಿ ಧ್ವನಿಚಿಹ್ನೆ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಸಂಗ್ರಹಿಸುವ ಹುಡುಗರು ತಮಿಳು ಶಾಲೆಯಲ್ಲಿ ಕಲಿತವರು. 'ಉಚ್ಚಾರ' ಎಂದರೆ ನಮಗೆ ಓದಲು ಬರುವಂತೆ ತಮಿಳಿನಲ್ಲಿ ಬರೆಯಬೇಕು ಎಂದು ಅವರು ತಿಳಿದರು. ತಪ್ಪೇನಿಲ್ಲ, ಕೀಲಿಪದ ಬೇರೇನನ್ನೂ ಹೇಳಿರಲಿಲ್ಲ. ಪರಿಣಾಮವಾಗಿ ಬಾಯಿ, ಬಳೆ, ಬೆಳೆ ಮೂರೂ ಕನ್ನಡ ಲಿಪಿಯಲ್ಲೂ 'ಬೆ', ತಮಿಳು ಲಿಪಿಯಲ್ಲೂ ಅದೇ ಒಂದು ರೂಪ. ಗಣಕಯಂತ್ರ ಮೂರನ್ನೂ ಒಂದೇ ಪದವೆಂದು ಕೂಡಿಸಿ, ಮೂರು ಅರ್ಥ ಇರುವ ಒಂದು ನಮೂದು ಮಾಡಿತು. ಎಂಬತ್ತು ವರ್ಷದ ಹಿಂದೆಯೇ ಗುರುತಾಗಿದ್ದ ಭೇದವನ್ನು ನಾವು ಹೊಸ ಯಂತ್ರ ಇಟ್ಟುಕೊಂಡು ಅಳಿಸಿದೆವು.

5. ಎರವಲು ತಂದ ಕೀಲಿಗಳು

ನಮ್ಮ ಚೌಕಟ್ಟಿನ ಉಳಿದ ಭಾಗವನ್ನು ನಾನು ಎಸ್‌ಐಎಲ್ ಸಂಸ್ಥೆಯ ಷೂಬಾಕ್ಸ್, ಟೂಲ್‌ಬಾಕ್ಸ್ ತಂತ್ರಾಂಶಗಳ ಜೊತೆ ಬರುವ ಎಂಡಿಎಫ್ ಎಂಬ ನಿಘಂಟು ಪದ್ಧತಿಯಿಂದ ತೆಗೆದುಕೊಂಡಿದ್ದೆ. ಕ್ಷೇತ್ರಕಾರ್ಯ ಮಾಡುವ ಬಹಳ ಮಂದಿ ಬಳಸಿದ ಪದ್ಧತಿ ಇದು. ಅದರಲ್ಲಿ ಪ್ರತಿ ಅಂಕಣಕ್ಕೂ ಎರಡಕ್ಷರದ ಗುರುತು. ಮೂಲಪದಕ್ಕೆ ಎಲ್‌ಎಕ್ಸ್, ವ್ಯಾಕರಣ ವರ್ಗಕ್ಕೆ ಪಿಎಸ್. ಅರ್ಥ ಕೊಡುವಾಗ ಇಂಗ್ಲಿಷಿನಲ್ಲಿ ಕೊಟ್ಟರೆ ಜಿಇ, ನ್ಯಾಷನಲ್ ಭಾಷೆಯಲ್ಲಿ ಕೊಟ್ಟರೆ ಜಿಎನ್, ರೀಜನಲ್ ಭಾಷೆಯಲ್ಲಿ ಕೊಟ್ಟರೆ ಜಿಆರ್. ಅಧ್ಯಯನ ಮಾಡುತ್ತಿರುವ ನುಡಿಗೆ ವಿ, ಅಂದರೆ ವರ್ನ್ಯಾಕ್ಯುಲರ್.

ಈ ಜಿಎನ್, ಜಿಆರ್ ನಮ್ಮನ್ನು ಕಾಡಿದ್ದು ಅಷ್ಟಿಷ್ಟಲ್ಲ. ಕೂನೂರು ಕಡೆಯ ಹುಡುಗ ರಾಷ್ಟ್ರ ಎಂದರೆ ಹಿಂದಿ ಎಂದುಕೊಂಡು, ಹಿಂದಿ ಬಾರದೆ ಜಿಎನ್ ಅನ್ನು ಖಾಲಿ ಬಿಟ್ಟ. ಜಿಆರ್‌ನಲ್ಲಿ ತಮಿಳು ಬರೆದ. ಗೂಡಲೂರಿನ ಗೆಳೆಯರು ತಮಿಳನ್ನು ಜಿಎನ್‌ನಲ್ಲಿ ಹಾಕಿ, ಜಿಆರ್‌ನಲ್ಲಿ ಮಲಯಾಳ ಬರೆದರು. ಅವರ ಪೇಟೆಯ ಮಾತು ಅದು. ನಾನು ಜಿಎನ್‌ನಲ್ಲಿ ಯಾವ ಅಳುಕೂ ಇಲ್ಲದೆ ಕನ್ನಡ ಬರೆದೆ. ಎಲ್ಲವನ್ನೂ ಕೂಡಿಸಿದಾಗ ಜಿಎನ್ ಅಂಕಣದಲ್ಲಿ ಎರಡು ಭಾಷೆ, ಜಿಆರ್ ಅಂಕಣದಲ್ಲಿ ಎರಡು ಭಾಷೆ, ಯಾವುದು ಯಾವುದೆಂದು ಹೇಳುವ ಗುರುತು ಎಲ್ಲೂ ಇಲ್ಲ. ಲಿಪಿ ನೋಡಿ ಬೇರ್ಪಡಿಸಬೇಕಾಯಿತು.

ಪದ್ಧತಿ ಮಾಡಿದವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಇದರ ಕೈಪಿಡಿ ಬರೆದ ಕವರ್ಡ್ ಮತ್ತು ಗ್ರೈಮ್ಸ್ ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ ಕೆಲಸ ಮಾಡಿದವರು. ಅಲ್ಲಿ ದೇಶಕ್ಕೆ ಒಂದು ರಾಷ್ಟ್ರಭಾಷೆ ಇದೆ, ಇಂಡೋನೇಷ್ಯನ್. ಆ ಭಾಗದ ಪೇಟೆಗಳಲ್ಲಿ ಓಡಾಡುವ ಅಂಬೋನಿನ ಮಲಯ್ ಇದೆ. ಊರೂರಿಗೆ ಅದರದರ ನುಡಿ ಇದೆ. ರಾಷ್ಟ್ರ, ಪ್ರದೇಶ, ಊರು ಎಂಬ ಮೂರು ಮೆಟ್ಟಿಲು ಅಲ್ಲಿಗೆ ಸರಿಯಾಗಿ ಹೊಂದುತ್ತದೆ. ಹುಟ್ಟಿದ ಊರಿನಲ್ಲಿ ಸ್ಪಷ್ಟವಾಗಿದ್ದ ಹೆಸರು ಹೊಸ ಊರಿಗೆ ಬಂದು ಗೊಂದಲವಾಯಿತು. ನಮ್ಮ ಸಂವಿಧಾನದಲ್ಲಿ ರಾಷ್ಟ್ರಭಾಷೆ ಎಂಬ ಮಾತೇ ಇಲ್ಲ. 343ನೆಯ ವಿಧಿ ಹೇಳುವುದು ಒಕ್ಕೂಟದ ಆಡಳಿತ ಭಾಷೆಯನ್ನು. ಎಂಟನೆಯ ಅನುಸೂಚಿಯಲ್ಲಿ 22 ಭಾಷೆಗಳಿವೆ. ಕನ್ನಡ, ತಮಿಳು, ಮಲಯಾಳ ಮೂರೂ ಅಲ್ಲಿ ಸಮಾನ. ಮೂರು ರಾಜ್ಯ ಕೂಡುವ ಗೂಡಲೂರಿನಲ್ಲಿ ನಿಂತು 'ಪ್ರಾದೇಶಿಕ ಭಾಷೆ ಯಾವುದು' ಎಂದು ಕೇಳಿದರೆ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೀರಿ ಎಂದು ಮೊದಲು ಕೇಳಬೇಕಾಗುತ್ತದೆ.

'ವರ್ನ್ಯಾಕ್ಯುಲರ್' ಎಂಬುದರ ಕಥೆಯೂ ಚೆನ್ನಾಗಿಲ್ಲ. ಆ ಲ್ಯಾಟಿನ್ ಪದದ ಬೇರು 'ಯಜಮಾನನ ಮನೆಯಲ್ಲೇ ಹುಟ್ಟಿದ ಗುಲಾಮ' ಎಂಬ ಅರ್ಥದ ವೆರ್ನ. ಎರಡು ಸಾವಿರ ವರ್ಷ ಸವೆದ ಪದದಲ್ಲಿ ಹಳೆಯ ಅರ್ಥವನ್ನು ಹುಡುಕಿ ಕೋಪಿಸಿಕೊಳ್ಳಬೇಕಾಗಿಲ್ಲ, ಒಪ್ಪುತ್ತೇನೆ. ಆದರೆ 'ಉಪ' ಅಷ್ಟು ಸವೆದಿಲ್ಲ. ಉಪಕುಲಪತಿ, ಉಪಾಧ್ಯಕ್ಷ, ಉಪಕಸುಬು ಎಂದು ದಿನಾ ಬಳಸುತ್ತೇವೆ. ಕೇಳಿದವರಿಗೆ ಕೆಳಗಿನದು ಎಂದೇ ಕೇಳಿಸುತ್ತದೆ.

6. ಕುರುಬ, ಕುರುಂಬ, ನಡುವೆ ಒಂದು ಗೀಟು

ಮೇಲೆ ಹೇಳಿದ ಜನಗಣತಿಯ ಪಟ್ಟಿಯಲ್ಲಿ 'ಕುರುಬ/ಕುರುಂಬ' ಎಂಬ ಸಾಲಿದೆ. ನಡುವಿನ ಆ ಓರೆಗೀಟನ್ನು ನಾನೂ ನಕಲು ಮಾಡಿದ್ದೆ. ಅದು ನಮ್ಮ ಸಂಗ್ರಹದ ಅತ್ಯಂತ ದೊಡ್ಡ ತಪ್ಪು.

ಕರ್ನಾಟಕದಲ್ಲಿ ಕುರುಬರೆಂದರೆ ಬಯಲುಸೀಮೆಯ ಕುರಿಗಾಹಿ ಸಮುದಾಯ. ಅವರ ಮನೆಮಾತು ಕನ್ನಡವೇ. ನೀಲಗಿರಿಯಲ್ಲಿ ಕುರುಂಬರೆಂದರೆ ಕಾಡಿನ ಸಮುದಾಯಗಳು, ಅದೂ ಒಂದಲ್ಲ. ಕೂನೂರು ಕೋತಗಿರಿಯ ಇಳಿಜಾರಿನಲ್ಲಿ ಆಲು ಕುರುಂಬರು. ಅವರ ನುಡಿಯ ವ್ಯಾಕರಣವನ್ನು ಡೀಟರ್ ಕಾಪ್ 1982ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ್ದಾರೆ. ಮುದುಮಲೆ, ಗೂಡಲೂರು ಕಡೆ ಬೆಟ್ಟ ಕುರುಂಬರು. ಅವರ ನುಡಿಯ ಮೇಲೆ ಗೇಲ್ ಕೊಯೆಲೋ 2003ರಲ್ಲಿ ವಿಸ್ತಾರವಾದ ವ್ಯಾಕರಣ ಬರೆದರು. ಗೂಡಲೂರು ವಯನಾಡಿನಲ್ಲಿ ಮುಳ್ಳು ಕುರುಂಬರು. ಅವರ ಮಾತು ಮಲಯಾಳಕ್ಕೆ ಹತ್ತಿರ. ಇನ್ನು ಜೇನು ಕುರುಬರು. ಬಂಡೀಪುರದ ಕಡೆ ಜೇನು ಕುರುಬ ಎಂದು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವವರ ನೆಂಟರೇ ಗಡಿ ದಾಟಿದರೆ ತಮಿಳುನಾಡಿನ ಪಟ್ಟಿಯಲ್ಲಿ ಕಾಟ್ಟುನಾಯಕ್ಕನ್.

ಅಂದರೆ ಒಂದು ಹೆಸರಿನ ಕೆಳಗೆ ಹಲವು ನುಡಿ, ಒಂದು ಸಮುದಾಯಕ್ಕೆ ಎರಡು ಹೆಸರು. ಎರಡೂ ಬಗೆಯ ಗೊಂದಲ ಒಂದೇ ಸಾಲಿನಲ್ಲಿ. 2001ರಲ್ಲಿ 14,613 ಇದ್ದ ಈ ಸಾಲು 2011ಕ್ಕೆ 24,189 ಆಯಿತು. ಯಾವ ನುಡಿಯವರು ಹೆಚ್ಚಾದರು ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ.

ನಮ್ಮ ಸಂಗ್ರಹದಲ್ಲಿ ಆದದ್ದೂ ಇದೇ. ಮಸಿನಗುಡಿ ಗೆಳೆಯ ಬೆಟ್ಟ ಕುರುಂಬರಿಂದ, ಜೇನು ಕುರುಬರಿಂದ ತಂದ ಪದಗಳೂ, ಕೂನೂರಿನ ಹುಡುಗ ಆಲು ಕುರುಂಬರಿಂದ ತಂದ ಪದಗಳೂ 'ಕುರುಂಬ' ಎಂಬ ಒಂದೇ ಕೀಲಿಯ ಕೆಳಗೆ ಬೆರೆತವು. 'ಊರು' ಎಂಬ ಅಂಕಣ ನೋಡಿ ಬಿಡಿಸೋಣ ಎಂದರೆ ಅದೂ ಗೊಂದಲ. ಒಬ್ಬರು ಮಾತುಗಾರರು ಹುಟ್ಟಿದ ಊರು ಬರೆದಿದ್ದರು, ಒಬ್ಬರು ಈಗಿರುವ ಊರು, ಇನ್ನೊಬ್ಬರು ತಾವು ಕೂತು ಬರೆದುಕೊಂಡ ಊರು. ಬಡಗರಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಹಟ್ಟಿಗೆ ಹೋಗುವುದು ಪದ್ಧತಿ. ಹಂಗಾಗಿ ಯಾವ ಅಮ್ಮನ ಮಾತು ಯಾವ ಹಟ್ಟಿಯದು ಎಂಬುದು 'ಊರು' ಎಂಬ ಒಂದು ಮಾತಿನಲ್ಲಿ ಹಿಡಿಯುವ ವಿಷಯವಲ್ಲ. ಕೊನೆಗೆ ಕೈಬರಹದ ನೋಟುಪುಸ್ತಕಗಳಿಗೆ ವಾಪಸ್ಸು ಹೋದೆವು. ಪುಸ್ತಕ ಉಳಿಸಿಕೊಂಡಿದ್ದವರ ಪದ ಉಳಿಯಿತು. ಉಳಿದವನ್ನು ಯಾರದೆಂದು ಹೇಳಲಾಗದೆ ಪಕ್ಕಕ್ಕಿಟ್ಟಿದ್ದೇವೆ. ಆ ಪದ ಹೇಳಿದವರಲ್ಲಿ ಒಬ್ಬ ಅಜ್ಜಿ ಈಗಿಲ್ಲ.

7. ಬದಲಿಸುವುದೋ, ಹಾಗೇ ಬಿಡುವುದೋ

ಹೆಸರು ತಪ್ಪಾಗಿದೆ ಎಂದ ಕೂಡಲೇ ಬದಲಿಸಿಬಿಡಬೇಕು ಎಂದು ಅನ್ನಿಸುತ್ತದೆ. ಆದರೆ ಗಣಕದ ಚೌಕಟ್ಟಿನಲ್ಲಿ ಕೀಲಿಪದ ಬದಲಿಸಿದರೆ ಹಳೆಯ ಕಡತಗಳು ಹೊಸದರ ಜೊತೆ ಮಾತಾಡುವುದಿಲ್ಲ. ಇದಕ್ಕೆ ಲೋಕದಲ್ಲಿ ಎರಡು ದಾರಿಗಳನ್ನು ಕಂಡಿದ್ದೇವೆ.

ಮೊದಲನೆಯದು ಯೂನಿಕೋಡಿನ ದಾರಿ. ಹಳಗನ್ನಡದ ೞ ಅಕ್ಷರ ಈ ಸಭೆಗೆ ಪರಿಚಿತ. ಬಾೞೆ ಬಾಳೆಯಾಗಿ, ಕೋೞಿ ಕೋಳಿಯಾಗಿ, ಏೞು ಏಳಾಗಿ ನಮ್ಮ ಬರಹದಿಂದ ಹೋದ ಅಕ್ಷರ. ಯೂನಿಕೋಡಿನ ಪಟ್ಟಿಯಲ್ಲಿ ಇದಕ್ಕೆ 0ಸಿಡಿಇ ಎಂಬ ಸಂಖ್ಯೆ ಇದೆ. ಹೆಸರು ಮಾತ್ರ 'ಕನ್ನಡ ಲೆಟರ್ ಎಫ್‌ಎ', ಅಂದರೆ ಇಂಗ್ಲಿಷಿನ ಎಫ್ ಧ್ವನಿಯ ಅಕ್ಷರ ಎಂದು! ಯಾರೋ ಎಲ್ಲೋ ತಪ್ಪು ತಿಳಿದು ಇಟ್ಟ ಹೆಸರು. ಅಲ್ಲಿಯ ನಿಯಮದ ಪ್ರಕಾರ ಒಮ್ಮೆ ಇಟ್ಟ ಹೆಸರನ್ನು ಎಂದೂ ಬದಲಿಸುವಂತಿಲ್ಲ. ಆದ್ದರಿಂದ ತಪ್ಪು ಹೆಸರನ್ನು ಹಾಗೇ ಬಿಟ್ಟು, 'ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ' ಎಂಬ ಸರಿಯಾದ ಹೆಸರನ್ನು ತಿದ್ದುಪಡಿಯ ಅಡ್ಡಹೆಸರಾಗಿ ಪಕ್ಕದಲ್ಲಿ ಬರೆದಿದ್ದಾರೆ. ಯಾವ ಕಡತವೂ ಕೆಡಲಿಲ್ಲ, ತಪ್ಪೂ ದಾಖಲಾಯಿತು, ಸರಿಯೂ ದಾಖಲಾಯಿತು. ಆದರೆ ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಬೀಳುವುದು ತಪ್ಪು ಹೆಸರೇ.

ಎರಡನೆಯದು ರೈಲ್ವೆಯ ದಾರಿ. ಮೇಟುಪಾಳಯದಿಂದ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದವರು ಟಿಕೆಟ್ಟಿನ ಮೇಲೆ ನೋಡಿರುತ್ತೀರಿ, ಚೆನ್ನೈ ಸೆಂಟ್ರಲ್‌ನ ಸಂಕೇತ ಎಂಎಎಸ್. ಮದ್ರಾಸ್ ಹೋಗಿ 1996ರಲ್ಲಿ ಚೆನ್ನೈ ಆಯಿತು. 2019ರಲ್ಲಿ ನಿಲ್ದಾಣಕ್ಕೇ ಎಂಜಿಆರ್ ಹೆಸರು ಬಂತು. ಸಂಕೇತ ಹಾಗೇ ಉಳಿಯಿತು. ಬೆಂಗಳೂರು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟ ಮೇಲೂ ಎಸ್‌ಬಿಸಿ ಉಳಿದಂತೆ. ಫಲಕದ ಮೇಲಿನ ಹೆಸರು ಜನಕ್ಕೆ, ಸಂಕೇತ ಯಂತ್ರಕ್ಕೆ. ಫಲಕ ಬದಲಾಗಬಹುದು, ಸಂಕೇತ ಬದಲಾಗಬೇಕಿಲ್ಲ.

ನುಡಿಗಳಿಗೆ 2007ರಲ್ಲಿ ಬಂದ ಐಎಸ್‌ಒ 639-3 ಎಂಬ ಮೂರಕ್ಷರದ ಸಂಕೇತಪಟ್ಟಿ ರೈಲ್ವೆಯ ದಾರಿಯದು. ಅದರಲ್ಲಿ ಬಡಗಕ್ಕೆ ಬಿಎಫ್‌ಕ್ಯು, ಆಲು ಕುರುಂಬಕ್ಕೆ ಎಕ್ಸ್‌ಯುಎ, ಬೆಟ್ಟ ಕುರುಂಬಕ್ಕೆ ಎಕ್ಸ್‌ಯುಬಿ, ಜೇನು ಕುರುಂಬಕ್ಕೆ ಎಕ್ಸ್‌ಯುಜೆ, ಮುಳ್ಳು ಕುರುಂಬಕ್ಕೆ ಕೆಪಿಬಿ, ಕನ್ನಡಕ್ಕೆ ಕೆಎಎನ್. ಈ ಸಂಕೇತಗಳಿಗೆ ಅರ್ಥವಿಲ್ಲದಿರುವುದೇ ಗುಣ. ಬಿಎಫ್‌ಕ್ಯು ಎಂದರೆ ಮೇಲೂ ಅಲ್ಲ, ಕೆಳಗೂ ಅಲ್ಲ. ಅದರ ಬಗ್ಗೆ ಯಾವ ಅಜ್ಜನೂ ಜಗಳ ತೆಗೆಯುವುದಿಲ್ಲ. ಈ ಪಟ್ಟಿಯೂ ನಿರ್ದೋಷವೆಂದಲ್ಲ. ಯಾವುದು ಒಂದು ನುಡಿ, ಯಾವುದು ಎರಡು ಎಂಬ ತೀರ್ಮಾನ ಅಲ್ಲೂ ಹಿಂಬಾಗಿಲಿನಿಂದ ಬಂದೇ ಬರುತ್ತದೆ. ಆದರೂ ತಲೆಬರಹದಲ್ಲೇ ತೀರ್ಪು ಕೊಡುವುದಕ್ಕಿಂತ ಇದು ವಾಸಿ.

8. ನಾವು ಮಾಡಿದ ಬದಲಾವಣೆಗಳು

ಹೀಗೆ ಯೋಚಿಸಿ ಚೌಕಟ್ಟನ್ನು ತಿದ್ದಿದೆವು. ಎಲ್ಲವನ್ನೂ ಬದಲಿಸಲಿಲ್ಲ. ಎಲ್‌ಎಕ್ಸ್, ಪಿಎಸ್ ಇವುಗಳಿಂದ ಯಾರಿಗೂ ತೊಂದರೆ ಇರಲಿಲ್ಲ, ಹಾಗೇ ಬಿಟ್ಟೆವು. ಬದಲಿಸಿದ್ದು ಇಷ್ಟು:

'ಭಾಷೆ', 'ಉಪಭಾಷೆ' ಎರಡನ್ನೂ ತೆಗೆದು 'ನುಡಿ' ಎಂಬ ಒಂದೇ ಅಂಕಣ. ಒಳಗೆ ಮೂರಕ್ಷರದ ಸಂಕೇತ, ಹೊರಗೆ ಕಾಣಲು ಆ ಸಮುದಾಯ ತನ್ನ ನುಡಿಗೆ ಹೇಳುವ ಹೆಸರು.

'ರೂಪಾಂತರ' ಎರಡಾಯಿತು. ಒಂದೇ ನುಡಿಯೊಳಗಿನ ಬೇರೆ ರೂಪಕ್ಕೆ 'ಇದೇ ನುಡಿಯ ಇನ್ನೊಂದು ರೂಪ'. ಬೇರೆ ನುಡಿಯ ನೆಂಟ ಪದಕ್ಕೆ 'ಬಂಧುಪದ'. ಬಂಧುಪದದಿಂದ ಅರ್ಥ ತಾನಾಗಿ ಇಳಿಯುವುದಿಲ್ಲ.

'ಉಚ್ಚಾರ' ಹೋಗಿ 'ಧ್ವನಿಚಿಹ್ನೆ', 'ತಮಿಳು ಲಿಪಿ' ಎಂಬ ಎರಡು ಅಂಕಣ ಬಂದವು. ಜಿಎನ್, ಜಿಆರ್ ಹೋಗಿ 'ಅರ್ಥ ತಮಿಳಿನಲ್ಲಿ', 'ಅರ್ಥ ಕನ್ನಡದಲ್ಲಿ', 'ಅರ್ಥ ಮಲಯಾಳದಲ್ಲಿ' ಎಂದು ನೇರವಾಗಿ ಬರೆದೆವು. 'ಊರು' ಮೂರಾಯಿತು: ಹುಟ್ಟಿದ್ದು, ಈಗಿರುವುದು, ಕೇಳಿದ್ದು.

'ಈ ನುಡಿ ಕನ್ನಡದ ಒಳಗಿನದೇ' ಎಂಬ ತೀರ್ಮಾನಕ್ಕೂ ಜಾಗ ಕೊಟ್ಟಿದ್ದೇವೆ. ಆದರೆ ಅದು ಈಗ ತಲೆಬರಹವಲ್ಲ, ಒಂದು ಅಭಿಪ್ರಾಯ. ಪಕ್ಕದಲ್ಲಿ 'ಯಾರು ಹೇಳಿದ್ದು, ಯಾವಾಗ' ಎಂಬ ಅಂಕಣ ಇದೆ. ಗ್ರಿಯರ್ಸನ್ ಅಲ್ಲಿ ಒಂದು ಸಾಲು. ಎಮಿನೋ 1939ರಲ್ಲಿ ಬಡಗವನ್ನು ಭಾಷೆ ಎಂದೇ ಕರೆದದ್ದು ಒಂದು ಸಾಲು. 1992ರಲ್ಲಿ ಹಾಕಿಂಗ್ಸ್ ಮತ್ತು ಪಿಲೋ-ರೆಷೂರ್ ಬಡಗಕ್ಕೆ ಪ್ರತ್ಯೇಕ ನಿಘಂಟನ್ನೇ ತಂದದ್ದು ಇನ್ನೊಂದು ಸಾಲು. ಅಜ್ಜನ ಮಾತೂ ಅಲ್ಲಿ ಒಂದು ಸಾಲು, ಅವರ ಒಪ್ಪಿಗೆ ಪಡೆದು, ಹೆಸರಿಲ್ಲದೆ.

ಈ ಅನುಭವದಿಂದ ನಾನು ಮುಂದಿಡುವ ನಿಯಮಗಳು ಐದು. ಒಂದು, ಯಂತ್ರದ ಕೀಲಿ ಬೇರೆ, ಓದುವವರ ಫಲಕ ಬೇರೆ ಇರಲಿ. ಎರಡು, ಕೈಬಿಟ್ಟ ಕೀಲಿಪದವನ್ನು ಹೊಸ ಅರ್ಥಕ್ಕೆ ಎಂದೂ ಮತ್ತೆ ಬಳಸಬಾರದು. ಹಳೆಯ ಕಡತ ತೆರೆದವರು ಮೋಸ ಹೋಗುತ್ತಾರೆ. ಮೂರು, ಹಳೆಯ ಹೆಸರು ಯಾವುದು, ಹೊಸ ಹೆಸರು ಯಾವುದು, ಯಾವತ್ತು ಯಾಕೆ ಬದಲಾಯಿತು ಎಂಬ ಪಟ್ಟಿ ಸಂಗ್ರಹದ ಜೊತೆಯಲ್ಲೇ ಇರಬೇಕು. ನಾಲ್ಕು, ಪ್ರತಿ ಕೀಲಿಪದವೂ ಒಂದೇ ಪ್ರಶ್ನೆಗೆ ಉತ್ತರವಾಗಿರಬೇಕು. ಇಬ್ಬರು ಸಂಗ್ರಾಹಕರು ಎರಡು ರೀತಿ ತುಂಬಿದರೆ ತಪ್ಪು ಅವರದಲ್ಲ, ಕೀಲಿಪದದ್ದು. ಐದು, ಯಾರ ನುಡಿಯೋ ಅವರಿಗೆ ತಲೆಬರಹವನ್ನು ಓದಿ ಹೇಳಬೇಕು, ಪದಗಳನ್ನು ಮಾತ್ರವಲ್ಲ.

9. ಮುಕ್ತಾಯ

ಇಷ್ಟು ಹೇಳಿದ ಮೇಲೆ ಒಂದು ಮುಜುಗರದ ಮಾತು ಉಳಿಯುತ್ತದೆ. ನಾವು ಇಲ್ಲಿ ಸೇರಿರುವ ವಿಚಾರಗೋಷ್ಠಿಯೂ ಉಪಭಾಷೆಗಳದೇ. ಈ ಹೆಸರನ್ನು ನಾಳೆಯೇ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಧಾರವಾಡ, ಮಂಗಳೂರು, ಕಲಬುರಗಿಯ ಕನ್ನಡಗಳನ್ನು ಹೋಲಿಸಿ ನೋಡುವಾಗ ಈ ಪದ ಕೆಲಸಕ್ಕೆ ಬರುತ್ತದೆ. ಅಲ್ಲಿಯ ಮಾತುಗಾರರು ತಮ್ಮದು ಕನ್ನಡವೆಂದೇ ಹೇಳುತ್ತಾರೆ. ತಮ್ಮ ನುಡಿಗೆ ಬೇರೆ ಹೆಸರಿಟ್ಟುಕೊಂಡವರ ಮೇಲೆ ಅದೇ ಪದವನ್ನು ಹೊರಿಸುವಾಗ ಮಾತ್ರ ಅಧ್ಯಯನಕ್ಕೆ ಮೊದಲೇ ತೀರ್ಪು ಬರೆದಂತಾಗುತ್ತದೆ. ಯೂನಿಕೋಡಿನವರಂತೆ ಹಳೆಯ ಹೆಸರನ್ನು ಉಳಿಸಿಕೊಂಡೇ ಪಕ್ಕದಲ್ಲಿ ಒಂದು ತಿದ್ದುಪಡಿ ಬರೆಯಬಹುದು.

ಹೊಸ ಚೌಕಟ್ಟಿನ ಹಾಳೆ ಹಿಡಿದು ಮತ್ತೆ ಆ ಹಟ್ಟಿಗೆ ಹೋದೆವು. ಹುಡುಗ ನೆತ್ತಿಯಿಂದ ಓದಿದ: ನುಡಿ, ಬಡಗ. ಅಜ್ಜ ಏನೂ ಹೇಳಲಿಲ್ಲ, ಮುಂದೆ ಓದು ಎಂದು ಸನ್ನೆ ಮಾಡಿದರು. ಹಟ್ಟಿ ಎಂಬಲ್ಲಿ ಅರ್ಥ ಸರಿಯಿದೆಯೇ ಎಂದು ಎರಡು ಸಲ ಓದಿಸಿದರು. 'ಬೆ' ಬಂದಾಗ ಮೂರನ್ನೂ ಬೇರೆ ಬೇರೆಯಾಗಿ ಹೇಳಿ, ನಮ್ಮ ಹುಡುಗನಿಂದ ಹೇಳಿಸಿದರು. ಮೂರನೆಯದು ಅವನಿಗೆ ಬರಲಿಲ್ಲ. ಅವನೂ ಬಡಗನೇ. ಅಜ್ಜ ನಕ್ಕು, ನಾಲಿಗೆ ಮಡಿಸು ಎಂದು ತೋರಿಸಿದರು. ಅಂದು ಸಂಜೆಯ ತನಕ ಅವರು ನಲವತ್ತಕ್ಕೂ ಹೆಚ್ಚು ಪದ ತಿದ್ದಿದರು. ತಿದ್ದುಪಡಿ ಬರೆದುಕೊಳ್ಳಲು ಈ ಸಲ ಸರಿಯಾದ ಅಂಕಣಗಳಿದ್ದವು.

ಇನ್ನುಳಿದ ವಿಷಯವನ್ನು ಸಭೆಯ ಚರ್ಚೆಗೆ ಬಿಡುತ್ತೇನೆ.